ಅರ್ಧ ಗಂಟೆ ಹೆಚ್ಚಿಗೆ ಕೊಡಿ : ಮುಂಬೈನ ತಂದೆ-ತಾಯಂದಿರು ಪರೀಕ್ಷೆಯೊಂದಿಗೆ ಹೂಡಿದ ಜಗಳ

2024ರ ಏಪ್ರಿಲ್ ತಿಂಗಳ ಒಂದು ಸಂಜೆ. ವಾಕಿಂಗ್ ಮುಗಿಸಿ ನಮ್ಮ ಬಿಲ್ಡಿಂಗಿನ ಗೇಟಿನೊಳಗೆ ಕಾಲಿಡುತ್ತಿದ್ದ ಹಾಗೆ ವಾಚ್‌ಮನ್ ಎದ್ದು ಹತ್ತಿರ ಬಂದ. ಯಾದಗಿರಿ ಕಡೆಯವನು. ನಾನು ಕನ್ನಡದವನೆಂದು ಗೊತ್ತಾದ ದಿನದಿಂದ ಅವನ ಕಷ್ಟ-ಸುಖವೆಲ್ಲ ನನ್ನ ಹತ್ತಿರ ಕನ್ನಡದಲ್ಲೇ ನಡೆಯುತ್ತದೆ. "ಸಾಹೇಬ್ರ, ಐದನೇತ್ತೇಗೆ ಮತ್ತ ಪಾಸು-ಫೇಲು ಸುರು ಮಾಡ್ಯಾರಂತಲ್ರೀ, ಖರೇ ಏನ್ರಿ?" ಅಂದ. ಅವನ ಮೊಮ್ಮಗಳು ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಐದನೆಯ ಕ್ಲಾಸು. ಬಾಯಲ್ಲಿ ಕೇಳಿದರೆ ಎಲ್ಲ ಹೇಳುತ್ತಾಳಂತೆ. ಪೆನ್ಸಿಲು ಹಿಡಿದು ಬರೆಯಲು ಕೂತರೆ ಮಾತ್ರ ಬೆವರುತ್ತಾಳಂತೆ. "ಫೇಲಾದ್ರ ಸಾಲಿ ಬಿಡಸ್ತೀನಿ ಅಂತಾನ್ರಿ ಆಕಿ ಅಪ್ಪ" ಎಂದು ತಲೆ ತಗ್ಗಿಸಿದ.

ಖರೇ ಎಂದೆ. ಲಿಫ್ಟಿನಲ್ಲಿ ಮೇಲೆ ಹೋಗುವಾಗ ನನ್ನ ಅಕ್ಕನ ಮಗ ನೆನಪಾದ. ಮುಂಬೈನಲ್ಲಿ ಶಾಲೆಯ ಪರೀಕ್ಷೆ ಯಾರಿಗೆ ನ್ಯಾಯವಾಗಿ ನಡೆಯಿತು, ಯಾರಿಗೆ ನಡೆಯಲಿಲ್ಲ, ಅದಕ್ಕಾಗಿ ಯಾರು ಜಗಳ ಆಡಿದರು ಎನ್ನುವ ಕಥೆಯನ್ನು ಬರೆದಿಡಬೇಕು ಎಂದು ಅವತ್ತೇ ಅನ್ನಿಸಿತ್ತು. ಈಗ ಕೂತಿದ್ದೇನೆ.

ನಮ್ಮ ಪುಟ್ಟನ ಕಥೆ :

ಮನೆಯಲ್ಲಿ ಎಲ್ಲರೂ ಅವನನ್ನು ಪುಟ್ಟ ಎಂದೇ ಕರೆಯುತ್ತಿದ್ದುದು. ಭಾವ ಹೋಟೆಲಿನಲ್ಲಿ ಅಡುಗೆ ಭಟ್ಟರು. ಘಾಟ್‌ಕೋಪರಿನ ಚಾಳಿನಲ್ಲಿ ಒಂದು ಖೋಲಿ. 1969ರಲ್ಲಿ ನಾನು ಊರು ಬಿಟ್ಟು ಬಂದಾಗ ಆ ಖೋಲಿಯಲ್ಲೇ ನನಗೂ ಒಂದು ಮೂಲೆ ಸಿಕ್ಕಿತು. ಮುಂದಿನ ವರ್ಷ ಪುಟ್ಟ ಹುಟ್ಟಿದ. ಮನೆಯೊಳಗೆ ತುಳು, ಶಾಲೆಯಲ್ಲಿ ಕನ್ನಡ, ಚಾಳಿನ ಗ್ಯಾಲರಿಯಲ್ಲಿ ಮರಾಠಿ, ರಸ್ತೆಯಲ್ಲಿ ಬೊಂಬಾಯಿ ಹಿಂದಿ. ಇಷ್ಟನ್ನೂ ಪುಟ್ಟ ಪಟಪಟ ಮಾತಾಡುತ್ತಿದ್ದ. ಊರಿನಿಂದ ಯಕ್ಷಗಾನದ ಮೇಳ ಬಂದರೆ ಮಾರನೆಯ ದಿನ ಅರ್ಧ ಪ್ರಸಂಗದ ಮಾತುಗಾರಿಕೆಯನ್ನು ಇಡೀ ಚಾಳಿಗೆ ಒಪ್ಪಿಸಿಬಿಡುವನು. ರೇಷನ್ ಅಂಗಡಿಯ ಲೆಕ್ಕ ಅವನ ಬಾಯಲ್ಲೇ ಮುಗಿಯುತ್ತಿತ್ತು.

ಆದರೆ ಓದು-ಬರಹ ಹತ್ತಲಿಲ್ಲ. 'ಕಮಲ' ಬರೆ ಎಂದರೆ 'ಕಲಮ' ಬರೆಯುವನು. ಮ-ವ, ಪ-ಷ ಒಂದಕ್ಕೊಂದು ಅದಲು-ಬದಲು. ಒತ್ತಕ್ಷರ ಬಂತೋ, ಅದನ್ನು ಬಿಟ್ಟು ಮುಂದೆ ಹೋಗುವನು. ಐದನೆಯ ಕ್ಲಾಸಿನಲ್ಲಿ ಒಮ್ಮೆ ಫೇಲಾದ, ಮತ್ತೊಮ್ಮೆ ಫೇಲಾದ. ಮನೆಯಲ್ಲಿ ಕಲಿತವನು ಎಂದರೆ ನಾನೊಬ್ಬನೇ. ಆದ್ದರಿಂದ ಪಾಠ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಆಫೀಸಿನಿಂದ ಬಂದು, ಲೋಕಲ್ ಟ್ರೇನಿನ ನೂಕುನುಗ್ಗಲಿನ ಸಿಟ್ಟನ್ನೂ ಸೇರಿಸಿ, ಮರದ ಫುಟ್‌ಪಟ್ಟಿಯಿಂದ ಅವನ ಬೆರಳ ಗಂಟಿಗೆ ಹೊಡೆಯುತ್ತಿದ್ದೆ. ಒಂದು ರಾತ್ರಿ ಅವನು ಅಳುತ್ತಾ, "ಮಾವ, ಅಕ್ಷರ ಒಂದು ಕಡೆ ನಿಲ್ಲುವುದಿಲ್ಲ" ಎಂದ. ನಾನು ನೆಪ ಹೇಳುತ್ತಾನೆ ಎಂದು ಇನ್ನೆರಡು ಕೊಟ್ಟೆ. ಏಳನೆಯ ಕ್ಲಾಸು ಮುಗಿಸದೆ ಪುಟ್ಟ ಶಾಲೆ ಬಿಟ್ಟು ಹೋಟೆಲಿನಲ್ಲಿ ಮಾಣಿಯಾಗಿ ಸೇರಿದ.

ಶಾಲೆಯನ್ನು ನಾನು ದೂರುತ್ತಿಲ್ಲ. ಆ ಮೇಷ್ಟರಿಗೆ ಒಂದೇ ಕ್ಲಾಸಿನಲ್ಲಿ ಎಷ್ಟೋ ಮಕ್ಕಳು. ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆದರೆ ಗೊತ್ತಿದ್ದವರು ಆಗಲೇ ಲೋಕದಲ್ಲಿ ಇದ್ದರು. ಅದನ್ನು ಆಮೇಲೆ ತಿಳಿದಾಗ ಹೊಟ್ಟೆಯೊಳಗೆ ಸಂಕಟವಾಯಿತು.

'ಮೆಟ್ರಿಕ್ ಪಾಸ್' ಎಂಬ ಹೆಬ್ಬಾಗಿಲು :

ಅದಕ್ಕೆ ಮೊದಲು ಈ ಊರಿನಲ್ಲಿ ಪರೀಕ್ಷೆ ಎಂದರೆ ಏನಾಗಿತ್ತು ಎನ್ನುವುದನ್ನು ಸ್ವಲ್ಪ ನೋಡೋಣ. ಬೊಂಬಾಯಿ ವಿಶ್ವವಿದ್ಯಾಲಯ ಶುರುವಾದದ್ದು 1857ರಲ್ಲಿ. ಅದರ ಮೊದಲ ಮೆಟ್ರಿಕ್ಯುಲೇಷನ್ ಪರೀಕ್ಷೆ 1859ರಲ್ಲಿ. ಮಹಾದೇವ ಗೋವಿಂದ ರಾನಡೆಯವರು ಪಾಸಾದದ್ದು ಆ ಮೊದಲ ತಂಡದಲ್ಲೇ. ಸ್ವಾತಂತ್ರ್ಯ ಬಂದ ಮೇಲೆ ಮೆಟ್ರಿಕ್ ಹೋಗಿ 'ಎಸ್.ಎಸ್.ಸಿ.' ಬಂತು. 1966ರ ಜನವರಿಯಲ್ಲಿ ಮಹಾರಾಷ್ಟ್ರಕ್ಕೆ ತನ್ನದೇ ಪರೀಕ್ಷಾ ಬೋರ್ಡ್ ಆಯಿತು. ಹೆಸರು ಬದಲಾದರೂ ಜನರ ಬಾಯಲ್ಲಿ ಅದು 'ಮೆಟ್ರಿಕ್' ಆಗಿಯೇ ಉಳಿಯಿತು. ಮೆಟ್ರಿಕ್ ಪಾಸಾದರೆ ಬ್ಯಾಂಕು, ರೈಲ್ವೆ, ಗೋದಿಯ ಗುಮಾಸ್ತಿಕೆ. ಫೇಲಾದರೆ ಬಟಾಟೆ ಸುಲಿಯುವುದು, ಟೇಬಲ್ ಒರೆಸುವುದು. ನಡುವೆ ಬೇರೆ ದಾರಿಯೇ ಇರಲಿಲ್ಲ.

ನಮ್ಮ ಕರಾವಳಿಯ ಹುಡುಗರು ಈ ಬಾಗಿಲನ್ನು ದಾಟಲು ರಾತ್ರಿ ಶಾಲೆ ಹಿಡಿದರು. 1902ರಲ್ಲಿ ಸ್ಥಾಪನೆಯಾದ 'ಮೊಗವೀರ ವ್ಯವಸ್ಥಾಪಕ ಮಂಡಳಿ'ಯವರು 1908ರಲ್ಲೇ ಕನ್ನಡ ರಾತ್ರಿ ಶಾಲೆ ತೆರೆದರು. ಆಮೇಲೆ ಬೇರೆ ಬೇರೆ ಸಮಾಜದವರ ಶಾಲೆಗಳೂ ಬಂದವು. ಹಗಲೆಲ್ಲ ಕಪ್ಪು-ಬಸಿ ತೊಳೆದು, ಸಂಜೆ ಅಂಗಿ ಬದಲಾಯಿಸಿ, ಫೋರ್ಟಿನ ಯಾವುದೋ ಮಹಡಿಯಲ್ಲಿ ಬೀಜಗಣಿತ ಕಲಿತು ಲಾಯರು, ಬ್ಯಾಂಕ್ ಮ್ಯಾನೇಜರು ಆದವರು ನಮ್ಮಲ್ಲಿ ಬಹಳ ಜನ. ಅವರ ಬಗ್ಗೆ ಎಲ್ಲ ಸಂಘಗಳ ಸ್ಮರಣ ಸಂಚಿಕೆಗಳಲ್ಲೂ ಓದಿದ್ದೇವೆ. ಓದಲೇಬೇಕು, ಹೆಮ್ಮೆಯ ವಿಷಯ. ಆದರೆ ಅದೇ ಬೆಂಚಿನಲ್ಲಿ ಪಕ್ಕದಲ್ಲಿ ಕೂತು, ಎರಡು-ಮೂರು ಸಲ ಕಟ್ಟಿ, ಫೇಲಾಗಿ, ಸುಮ್ಮನೆ ಹೋಟೆಲಿನ ಅಟ್ಟ ಹತ್ತಿ ಮಲಗಿದವರ ಬಗ್ಗೆ ಯಾರೂ ಬರೆಯಲಿಲ್ಲ. ತಂದೆ-ತಾಯಿ ಊರಿನಲ್ಲಿ, ಮಗ ಬೊಂಬಾಯಿಯಲ್ಲಿ. "ಇವನು ಯಾಕೆ ಫೇಲಾದ? ಪರೀಕ್ಷೆಯಲ್ಲೇ ಏನಾದರೂ ಐಬು ಇದೆಯೇ?" ಎಂದು ಕೇಳುವವರು ಯಾರು? ಫೇಲು ಎಂದರೆ ಹಣೆಬರಹ. ಪರೀಕ್ಷೆಯನ್ನು ಪ್ರಶ್ನೆ ಮಾಡಬಹುದು ಎಂಬ ಕಲ್ಪನೆಯೇ ನಮಗೆ ಇರಲಿಲ್ಲ.

ಪರ್ಸಿ ಎಂಬ ಹುಡುಗ, ಷಿಕಾಗೋದ ತಂದೆ-ತಾಯಂದಿರು :

1896ರ ನವೆಂಬರಿನಲ್ಲಿ ಇಂಗ್ಲೆಂಡಿನ ಡಾಕ್ಟರು ಪ್ರಿಂಗಲ್ ಮಾರ್ಗನ್ ಅವರು ಒಂದು ವೈದ್ಯಕೀಯ ಪತ್ರಿಕೆಯಲ್ಲಿ 14 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದರು. ಹುಡುಗನ ಹೆಸರು ಪರ್ಸಿ. ಜಾಣ, ಚುರುಕು, ಆಟದಲ್ಲಿ ಯಾರಿಗೂ ಕಡಿಮೆಯಿಲ್ಲ. ಕಣ್ಣು ಸರಿಯಾಗಿದೆ. ಆದರೆ ಓದಲು ಬಾರದು. ತನ್ನ ಹೆಸರನ್ನೇ 'ಪ್ರೆಸಿ' ಎಂದು ಬರೆಯುತ್ತಾನೆ! ಪಾಠವೆಲ್ಲ ಬಾಯಲ್ಲೇ ನಡೆಯುವುದಾದರೆ ಶಾಲೆಯಲ್ಲಿ ಇವನಷ್ಟು ಬುದ್ಧಿವಂತ ಇನ್ನೊಬ್ಬನಿಲ್ಲ ಎಂದು ಅವನ ಮೇಷ್ಟರೇ ಹೇಳುತ್ತಿದ್ದರಂತೆ. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಪುಟ್ಟ ಹುಟ್ಟುವುದಕ್ಕೆ 74 ವರ್ಷ ಮೊದಲೇ ಪುಟ್ಟನ ಕಥೆ ಅಚ್ಚಾಗಿತ್ತು!

ಡಾಕ್ಟರು ಬರೆದರೆ ಪತ್ರಿಕೆಯಲ್ಲಿ ಬರುತ್ತದೆ, ಅಷ್ಟೆ. ಶಾಲೆ ಬದಲಾಗಬೇಕಾದರೆ ತಂದೆ-ತಾಯಂದಿರು ಬೀದಿಗೆ ಇಳಿಯಬೇಕು. 1963ರ ಏಪ್ರಿಲ್‌ನಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಅಂಥ ಮಕ್ಕಳ ತಂದೆ-ತಾಯಂದಿರು ಒಂದು ಸಭೆ ಕೂಡಿದರು. ಒಬ್ಬೊಬ್ಬರ ಮಗುವಿಗೂ ಒಂದೊಂದು ಡಾಕ್ಟರು ಒಂದೊಂದು ಹೆಸರು ಹಚ್ಚಿದ್ದರು. ಆ ಸಭೆಯಲ್ಲಿ ಸ್ಯಾಮ್ಯುಯೆಲ್ ಕರ್ಕ್ ಎಂಬ ಪ್ರೊಫೆಸರು 'ಲರ್ನಿಂಗ್ ಡಿಸೆಬಿಲಿಟಿ' ಎನ್ನುವ ಮಾತನ್ನು ಬಳಸಿದರು. ಕಲಿಕೆಯ ತೊಡಕು ಎನ್ನೋಣ. ಮರುವರ್ಷ ಆ ಹೆಸರಿನಲ್ಲೇ ತಂದೆ-ತಾಯಂದಿರ ಸಂಘ ಹುಟ್ಟಿತು. 1975ರ ಹೊತ್ತಿಗೆ ಅಲ್ಲಿನ ಕಾನೂನಿನಲ್ಲೇ ಅಂಥ ಮಕ್ಕಳಿಗೆ ಜಾಗ ಸಿಕ್ಕಿತು.

ಅದು ಮುಂಬೈಗೆ ಬರಲು ಇನ್ನೂ 21 ವರ್ಷ ಬೇಕಾಯಿತು.

1996 - ಮುಂಬೈನ ಗೆಲುವು :

1990ರ ದಶಕದಲ್ಲಿ ಈ ಊರಿನ ಕೆಲವು ತಾಯಂದಿರು, ಮಕ್ಕಳ ಡಾಕ್ಟರುಗಳು, ವಿಶೇಷ ಶಿಕ್ಷಕಿಯರು ಒಬ್ಬರನ್ನೊಬ್ಬರು ಹುಡುಕಿಕೊಂಡರು. 1996ರಲ್ಲಿ 'ಮಹಾರಾಷ್ಟ್ರ ಡಿಸ್ಲೆಕ್ಸಿಯಾ ಅಸೋಸಿಯೇಷನ್' ಸ್ಥಾಪನೆಯಾಯಿತು. ಬಹಳ ವರ್ಷ ಅದರ ಅಧ್ಯಕ್ಷೆಯಾಗಿದ್ದವರು ಕೇಟ್ ಕರ್ರಾವಾಲಾ. ಅದೇ ವರ್ಷ ಮಹಾರಾಷ್ಟ್ರ ಸರ್ಕಾರ ಕಲಿಕೆಯ ತೊಡಕಿರುವ ಮಕ್ಕಳಿಗೆ ಪರೀಕ್ಷೆಯಲ್ಲಿ ಸೌಲಭ್ಯ ಕೊಡಲು ಒಪ್ಪಿತು. ಹೀಗೆ ಒಪ್ಪಿದ ಮೊದಲ ರಾಜ್ಯ ನಮ್ಮದೇ. ಪರ್ಸಿಯ ಬಗ್ಗೆ ಬರೆದು ಸರಿಯಾಗಿ 100 ವರ್ಷ!

ಏನು ಸಿಕ್ಕಿತು ಎಂದರೆ - ಬರೆಯುವ ಪರೀಕ್ಷೆಗೆ ಅರ್ಧ ಗಂಟೆ ಹೆಚ್ಚಿಗೆ. ಕಾಗುಣಿತದ ತಪ್ಪಿಗೆ ಅಂಕ ಕಡಿತವಿಲ್ಲ. ಬರೆಯಲು ಕೈ ಓಡದ ಮಗುವಿಗೆ 'ರೈಟರ್', ಅಂದರೆ ಅವನು ಹೇಳಿದ್ದನ್ನು ಬರೆಯುವವರು. ಎರಡನೆಯ ಭಾಷೆ ಬೇಡವಾದರೆ ಅದರ ಬದಲು ಕೈಕೆಲಸದ ಒಂದು ವಿಷಯ. ಬೀಜಗಣಿತ-ರೇಖಾಗಣಿತದ ಬದಲು ಏಳನೆಯ ಕ್ಲಾಸಿನ ಮಟ್ಟದ ಗಣಿತ, ಜೊತೆಗೆ ಇನ್ನೊಂದು ಕೈಕೆಲಸದ ವಿಷಯ. ಗಣಿತ ಬಿಟ್ಟ ಮಗುವಿಗೆ ಇಂಜಿನಿಯರಿಂಗ್ ದಾರಿ ಅಲ್ಲಿಗೇ ಮುಚ್ಚಿತು. ಆದ್ದರಿಂದ ಇದನ್ನು ಪುಕ್ಕಟೆ ಬಂದ ಬಹುಮಾನ ಎಂದು ತಿಳಿಯುವ ಹಾಗಿಲ್ಲ.

ಸರ್ಟಿಫಿಕೇಟು ಕೇಳಿದ ಕೂಡಲೇ ಸಿಗುವಂಥದ್ದೂ ಅಲ್ಲ. 'ಸಯನ್', 'ನಾಯರ್' ಮೊದಲಾದ ಸರ್ಕಾರಿ, ಮುನ್ಸಿಪಲ್ ಆಸ್ಪತ್ರೆಗಳಲ್ಲೇ ತಪಾಸಣೆ ಆಗಬೇಕು. ಸಯನ್ ಆಸ್ಪತ್ರೆಯ ಕ್ಲಿನಿಕ್ಕಿನಲ್ಲಿ ಡಾ. ಸುನೀಲ್ ಕರಂಡೆಯಂಥ ಮಕ್ಕಳ ತಜ್ಞರು ವರ್ಷಗಟ್ಟಲೆ ಈ ಕೆಲಸ ಮಾಡಿದರು. ಮೊದಲು ಕಣ್ಣು, ಕಿವಿ ನೋಡುತ್ತಾರೆ. ಆಮೇಲೆ ಮನಶ್ಶಾಸ್ತ್ರಜ್ಞರಿಂದ ಬುದ್ಧಿಮತ್ತೆಯ ಪರೀಕ್ಷೆ. ಆಮೇಲೆ ವಿಶೇಷ ಶಿಕ್ಷಕರು ಓದಿಸಿ, ಬರೆಸಿ, ಲೆಕ್ಕ ಮಾಡಿಸಿ, ಮಗು ತನ್ನ ಕ್ಲಾಸಿಗಿಂತ ಎಷ್ಟು ಹಿಂದಿದೆ ಎಂದು ಅಳೆಯುತ್ತಾರೆ. ಬುದ್ಧಿ ಸರಿಯಾಗಿದ್ದು, ಓದು ಮಾತ್ರ ಎರಡು ವರ್ಷದಷ್ಟು ಹಿಂದಿದ್ದರೆ ಆಗ ಇದು ಕಲಿಕೆಯ ತೊಡಕು ಎಂದು ತೀರ್ಮಾನ. ಅಕ್ಷರ ತಿರುಗಿಸಿ ಬರೆದ ಮಗುವಿಗೆಲ್ಲ ಡಿಸ್ಲೆಕ್ಸಿಯಾ ಎನ್ನುವಂತಿಲ್ಲ. ಚಿಕ್ಕವರಿದ್ದಾಗ ನಾವೆಲ್ಲ ಒಂದಿಷ್ಟು ತಿರುಗಿಸಿದವರೇ.

1998ರ ಸುಮಾರಿಗೆ ನಮ್ಮ ಆಫೀಸಿನ ಗುಜರಾತಿ ಸಹೋದ್ಯೋಗಿಯೊಬ್ಬರು ತಮ್ಮ ಮಗನಿಗೆ ಇಂಥ ಸರ್ಟಿಫಿಕೇಟು ಸಿಕ್ಕಿತು ಎಂದು ಪೇಡಾ ಹಂಚಿದರು. ನಾನು ಪೇಡಾ ತಿಂದೆ, ಆದರೆ ಹಿಂದಿನಿಂದ "ದುಡ್ಡಿದ್ದವರ ನಾಟಕ" ಎಂದು ಇನ್ನೊಬ್ಬರ ಹತ್ತಿರ ನಕ್ಕೆ. ಅದು ಅವರ ಕಿವಿಗೆ ಬಿತ್ತೋ ಏನೋ. ಮಾರನೆಯ ದಿನ ಮಗನ ನೋಟ್‌ಬುಕ್ ತಂದು, ಏನೂ ಹೇಳದೆ, ನನ್ನ ಮೇಜಿನ ಮೇಲೆ ಬಿಡಿಸಿಟ್ಟರು. ಅಕ್ಷರ ಇಂಗ್ಲಿಷಿನವು, ಆದರೆ ಕೈ ಪುಟ್ಟನದೇ! ಅದೇ ಅಳಿಸಿ ಅಳಿಸಿ ತೂತು ಬಿದ್ದ ಕಾಗದ, ಅದೇ ಸಾಲು ಬಿಟ್ಟು ಕೆಳಗೆ ಜಾರುವ ಬರಹ, ಅದೇ ನಡುವೆ ನುಂಗಿಹೋದ ಅಕ್ಷರ. ಅವತ್ತು ಮಧ್ಯಾಹ್ನ ನಾನು ಡಬ್ಬಿ ಬಿಚ್ಚಲಿಲ್ಲ.

ಅವರು ಆ ಕಾಗದಕ್ಕಾಗಿ ಎಷ್ಟು ರಜೆ ಹಾಕಿದ್ದರು, ಅವರ ಹೆಂಡತಿ ಎಷ್ಟು ಸಲ ಹೆಡ್‌ಮಾಸ್ಟರರ ಕೋಣೆಯ ಹೊರಗೆ ಕಾದಿದ್ದರು ಎನ್ನುವುದೆಲ್ಲ ಆಮೇಲೆ ತಿಳಿಯಿತು. ಸರ್ಕಾರದ 'ಜಿ.ಆರ್.' ಬಂದರೆ ಸಾಲದು. ಅದರ ಪ್ರತಿ ಹಿಡಿದು ಶಾಲೆಗೆ ಹೋಗಿ, "ಇಗೋ, ಇದರಲ್ಲಿ ಬರೆದಿದೆ" ಎಂದು ತೋರಿಸುವವರು ಬೇಕು. ತೋರಿಸಿದವರು ತಾಯಂದಿರು.

ನಮ್ಮವರು ಎಲ್ಲಿದ್ದರು? :

ಈಗ ನಾನು ಹೇಳಲೇಬೇಕಾದ ಮಾತು. ಬುದ್ಧಿಮತ್ತೆ ಮತ್ತು ಓದಿನ ಅಳತೆಯ ಆ ಪರೀಕ್ಷೆಗಳೆಲ್ಲ ಹೆಚ್ಚುಕಡಿಮೆ ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಹೊಂದುವಂಥವು. ದೇಶಭಾಷೆಗಳಲ್ಲಿ ಸರಿಯಾದ ಪರೀಕ್ಷಾ ಸಾಧನಗಳಿಲ್ಲದ್ದರಿಂದ ಆ ಮಾಧ್ಯಮದ ಮಕ್ಕಳಿಗೆ ಖಚಿತವಾಗಿ ಹೇಳಲಾಗುತ್ತಿಲ್ಲ ಎಂದು ಮುಂಬೈನ ಡಾಕ್ಟರುಗಳೇ ತಮ್ಮ ಲೇಖನಗಳಲ್ಲಿ ಬರೆದುಕೊಂಡಿದ್ದಾರೆ. ಮುಂಬೈ ಮಹಾನಗರಪಾಲಿಕೆ ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಶಾಲೆ ನಡೆಸಿಕೊಂಡು ಬಂದ ಸಂಸ್ಥೆ. ಕನ್ನಡ ಪಠ್ಯಪುಸ್ತಕವನ್ನು ಪುಣೆಯ 'ಬಾಲಭಾರತಿ'ಯೇ ಅಚ್ಚು ಹಾಕುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡ ಮಕ್ಕಳು ಓದುವುದೂ ಅದನ್ನೇ. ಪಾಠ ಕನ್ನಡದಲ್ಲಿ, ಪ್ರಶ್ನೆಪತ್ರಿಕೆ ಕನ್ನಡದಲ್ಲಿ, ಫೇಲಾಗುವುದೂ ಕನ್ನಡದಲ್ಲಿ. ಯಾಕೆ ಫೇಲಾದ ಎಂದು ತಿಳಿಯುವ ಪರೀಕ್ಷೆ ಮಾತ್ರ ಇಂಗ್ಲಿಷಿನಲ್ಲಿ! ಅದೇ ತೊಡಕಿಗೆ ಇಂಗ್ಲಿಷ್ ಶಾಲೆಯಲ್ಲಿ 'ಲರ್ನಿಂಗ್ ಡಿಸೆಬಿಲಿಟಿ' ಎಂದು ಹೆಸರು, ಕನ್ನಡ ಶಾಲೆಯಲ್ಲಿ 'ದಡ್ಡ' ಎಂದು ಹೆಸರು.

ಇನ್ನೊಂದು ಗೋಜಲೂ ಇದೆ. ಮುಂಬೈನ ಕನ್ನಡ ಶಾಲೆಯ ಮಗು ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕನ್ನೂ ಎದುರಿಸಬೇಕು, ಮೂರು ಲಿಪಿಗಳಲ್ಲಿ. ಮನೆಮಾತು ತುಳುವೋ, ಕೊಂಕಣಿಯೋ, ಲಂಬಾಣಿಯೋ ಆಗಿರಬಹುದು. ಕಟ್ಟಡದ ಕೆಲಸದ ಜೊತೆ ಅಲೆಯುವ ಕುಟುಂಬವಾದರೆ ವರ್ಷದ ನಡುವೆ ಊರಿಗೆ ಹೋಗಿ ಬರುವುದೂ ಉಂಟು. ಮಗು ಹಿಂದೆ ಬಿದ್ದರೆ ಅದು ಈ ಅಲೆದಾಟದಿಂದಲೋ, ಭಾಷೆಯ ಹೊರೆಯಿಂದಲೋ, ಅಥವಾ ಹುಟ್ಟಿನಿಂದ ಬಂದ ತೊಡಕಿನಿಂದಲೋ? ಇದನ್ನು ಬಿಡಿಸಿ ಹೇಳಬೇಕಾದರೆ ಮಗುವಿನ ಭಾಷೆಯಲ್ಲೇ ಅಳೆಯಬೇಕು. ಬೆಂಗಳೂರಿನ 'ನಿಮ್ಹಾನ್ಸ್' ಇಂಥ ಮಕ್ಕಳಿಗಾಗಿ ಒಂದು ಪರೀಕ್ಷಾ ಸರಣಿಯನ್ನು ರೂಪಿಸಿತು. ಮೈಸೂರಿನ 'ವಾಕ್ ಶ್ರವಣ ಸಂಸ್ಥೆ'ಯವರು ಕನ್ನಡ ಮಕ್ಕಳು ಓದು ಕಲಿಯುವ ಬಗೆಯ ಮೇಲೆ ಕೆಲಸ ಮಾಡಿದರು. 2015ರಲ್ಲಿ ಹರಿಯಾಣದ 'ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ' 'ಡಾಲಿ' ಎಂಬ ಪರೀಕ್ಷೆಯನ್ನು ಹೊರತಂದಿತು, ಹಿಂದಿ, ಮರಾಠಿ, ಕನ್ನಡ, ಇಂಗ್ಲಿಷ್ ನಾಲ್ಕರಲ್ಲೂ. ಮುಂಬೈ ಕನ್ನಡದ ಮಗುವಿಗೆ ಬೇಕಾದ ನಾಲ್ಕೇ ಭಾಷೆಗಳು, ಹೇಳಿ ಮಾಡಿಸಿದ ಹಾಗೆ!

ನಮ್ಮಲ್ಲಿ ಇಷ್ಟೊಂದು ಸಂಘಗಳಿವೆ. ನಾಟಕ ಆಡುತ್ತೇವೆ, ಯಕ್ಷಗಾನ ಆಡಿಸುತ್ತೇವೆ, ಅಂಕ ಹೆಚ್ಚು ತೆಗೆದ ಮಕ್ಕಳಿಗೆ ಶಾಲು ಹೊದಿಸಿ ಪುಸ್ತಕ ಕೊಡುತ್ತೇವೆ. ನಾನೂ ಅಂಥ ಸಮಾರಂಭಗಳ ವೇದಿಕೆಯಲ್ಲಿ ಕೂತವನೇ. ಫೇಲಾದ ಮಗುವಿನ ತಾಯಿಯನ್ನು ಕರೆದು, "ಬನ್ನಿ, ಆಸ್ಪತ್ರೆಗೆ ನಾನೂ ಜೊತೆಗೆ ಬರುತ್ತೇನೆ" ಎಂದು ನಾನಂತೂ ಒಮ್ಮೆಯೂ ಹೇಳಿರಲಿಲ್ಲ.

ಕೋರ್ಟಿನ ಮೆಟ್ಟಿಲು, ಸಿನಿಮಾದ ತೆರೆ :

ಈ ನಡುವೆ ಮುಂಬೈನ ತಂದೆ-ತಾಯಂದಿರು ಪರೀಕ್ಷೆಯ ಬಗ್ಗೆ ಇನ್ನೊಂದು ದೊಡ್ಡ ಜಗಳವನ್ನೂ ಆಡಿದರು. ಅದು ಪೇಪರಿನ ಮುಖಪುಟಕ್ಕೆ ಬಂತು. ಹತ್ತನೆಯದು ಮುಗಿದ ಮೇಲೆ ಜೂನಿಯರ್ ಕಾಲೇಜಿನಲ್ಲಿ ಸೀಟು ಯಾರಿಗೆ, ರಾಜ್ಯ ಬೋರ್ಡಿನವರಿಗೋ, 'ಐ.ಸಿ.ಎಸ್.ಇ.'ಯವರಿಗೋ ಎನ್ನುವ ತಕರಾರು. 2008ರಲ್ಲಿ ಸರ್ಕಾರ 'ಪರ್ಸೆಂಟೈಲ್' ಸೂತ್ರ ತಂದಿತು, ಹೈಕೋರ್ಟ್ ತಳ್ಳಿಹಾಕಿತು. 2009ರಲ್ಲಿ 100ರಲ್ಲಿ 90 ಸೀಟು ರಾಜ್ಯ ಬೋರ್ಡಿನವರಿಗೆ ಎಂದಿತು, ಅದೂ ಬಿತ್ತು. 2010ರಲ್ಲಿ ಒಳ್ಳೆಯ ಅಂಕ ಬಂದ ಐದು ವಿಷಯಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುವ 'ಬೆಸ್ಟ್ ಫೈವ್' ಬಂತು. ಹೈಕೋರ್ಟ್ ಅದನ್ನೂ ಬೇಡ ಎಂದರೂ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ಮೂರು ಮಳೆಗಾಲ ಊರಿಗೆ ಊರೇ ಇದೇ ಮಾತು. ನ್ಯಾಯವಾದ ಜಗಳವೇ, ಇಲ್ಲವೆನ್ನುವುದಿಲ್ಲ. ಆದರೆ ಅದು ಯಾವ ಕಾಲೇಜು ಎನ್ನುವ ಜಗಳ. ಐದನೆಯ ಕ್ಲಾಸಿನಲ್ಲೇ ಹೊರಗೆ ಬಿದ್ದವರಿಗೆ ವಕೀಲರೂ ಇರಲಿಲ್ಲ, ಪೇಪರೂ ಇರಲಿಲ್ಲ.

ಅವರಿಗೆ ಸಿಕ್ಕಿದ್ದು ಒಂದು ಸಿನಿಮಾ. 2007ರ ಡಿಸೆಂಬರಿನಲ್ಲಿ 'ತಾರೇ ಜಮೀನ್ ಪರ್' ಬಂತು. ಮೂರನೆಯ ಕ್ಲಾಸಿನಲ್ಲಿ ಎರಡನೆಯ ಸಲ ಕೂತ ಮುಂಬೈ ಹುಡುಗನ ಕಥೆ. ಥಿಯೇಟರಿನಲ್ಲಿ ನನ್ನ ಹೆಂಡತಿ ಅಳುತ್ತಿದ್ದಳು. ನಾನು ಆ ಹುಡುಗನ ಅಪ್ಪನ ಪಾತ್ರವನ್ನೇ ನೋಡುತ್ತಾ ಕೂತಿದ್ದೆ. ತಂದೆ-ತಾಯಂದಿರು, ಶಿಕ್ಷಕರು ಎಷ್ಟೋ ಸಭೆಗಳಲ್ಲಿ ವಿವರಿಸಿ ಹೇಳಬೇಕಾಗಿದ್ದುದನ್ನು ಆ ಚಿತ್ರ ಎರಡೂಮುಕ್ಕಾಲು ಗಂಟೆಯಲ್ಲಿ ಮನೆಮನೆಗೆ ತಲುಪಿಸಿತು.

ಕಾನೂನು ಆಮೇಲೆ ಬಂತು. 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಏಳೇ ಬಗೆಗಳಿದ್ದವು, ಕಲಿಕೆಯ ತೊಡಕು ಅದರಲ್ಲಿ ಇರಲಿಲ್ಲ. 2016ರ ಹೊಸ ಕಾಯಿದೆ ಪಟ್ಟಿಯನ್ನು 21ಕ್ಕೆ ಏರಿಸಿ ಇದನ್ನೂ ಸೇರಿಸಿತು. 2017ರ ಏಪ್ರಿಲ್‌ನಿಂದ ಅದು ಜಾರಿಗೆ ಬಂತು. 2018ರ ಜನವರಿಯ ಮಾರ್ಗಸೂಚಿ ಎಂಟು ವರ್ಷ ತುಂಬಿದ ಮೇಲೆ ಸರ್ಟಿಫಿಕೇಟು, ಮತ್ತೆ 14ಕ್ಕೂ 18ಕ್ಕೂ ತಪಾಸಣೆ ಎಂದಿತು. ತಪಾಸಣೆಗೆ 'ನಿಮ್ಹಾನ್ಸ್' ಸರಣಿಯನ್ನೇ ಹೆಸರಿಸಿತು. ಒಂದು ರಾಜ್ಯದ ತಂದೆ-ತಾಯಂದಿರು ಕೇಳಿ ಪಡೆದದ್ದು 20 ವರ್ಷದಲ್ಲಿ ದೇಶದ ಕಾನೂನಾಯಿತು.

ಫೇಲು ಹೋಯಿತು, ಫೇಲು ಬಂತು :

ಇದರ ಜೊತೆಜೊತೆಗೆ ಇನ್ನೊಂದು ಕಾಯಿದೆ ಓಡುತ್ತಿತ್ತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 16ನೆಯ ಕಲಮು ಎಂಟನೆಯ ಕ್ಲಾಸಿನವರೆಗೆ ಯಾವ ಮಗುವನ್ನೂ ಫೇಲ್ ಮಾಡುವಂತಿಲ್ಲ, ಶಾಲೆಯಿಂದ ತೆಗೆಯುವಂತಿಲ್ಲ ಎಂದಿತು. ಪುಟ್ಟನ ಕಾಲದಲ್ಲಿ ಇದು ಇದ್ದಿದ್ದರೆ ಅವನು ಎಂಟರವರೆಗಾದರೂ ಓದುತ್ತಿದ್ದ. ಫೇಲಾಗುವುದೆಂದರೆ ಬಡವರ ಮನೆಯಲ್ಲಿ ಶಾಲೆ ಬಿಡಿಸುವುದೆಂದೇ ಅರ್ಥ. ಹೆಣ್ಣುಮಗುವಾದರಂತೂ ಕೇಳುವುದೇ ಬೇಡ.

ಆದರೆ ಫೇಲ್ ಮಾಡಬೇಡಿ ಎಂದದ್ದನ್ನು ಬಹಳ ಕಡೆ ಕಲಿಸದಿದ್ದರೂ ನಡೆಯುತ್ತದೆ ಎಂದು ತಿಳಿದುಕೊಂಡರು. ವರ್ಷವಿಡೀ ನೋಡುತ್ತಾ, ಹಿಂದೆ ಬಿದ್ದಲ್ಲಿ ಕೈಹಿಡಿಯಬೇಕು ಎನ್ನುವುದು ಕಾಯಿದೆಯ ಇನ್ನರ್ಧ. ಆ ಇನ್ನರ್ಧ ಕಾಗದದಲ್ಲೇ ಉಳಿಯಿತು. ಒಂಬತ್ತಕ್ಕೆ ಬಂದ ಮಗುವಿಗೆ ತನ್ನ ಹೆಸರು ಬರೆಯಲು ಬಾರದು ಎಂದು ತಂದೆ-ತಾಯಂದಿರೇ ಬೈಯತೊಡಗಿದರು. ಹಳೆಯ ಪರೀಕ್ಷೆಯೇ ಬರಲಿ ಎಂದವರಲ್ಲಿ ಬಡ ತಂದೆ-ತಾಯಂದಿರೂ ಇದ್ದರು. ಅವರ ಮಾತನ್ನು ತೆಗೆದುಹಾಕಲು ನನಗೆ ಮನಸ್ಸಿಲ್ಲ. ಮಗು ಏನು ಕಲಿಯಿತು ಎಂದು ತಿಳಿಯುವ ಹಕ್ಕು ಅವರಿಗಿದೆ.

2019ರ ತಿದ್ದುಪಡಿ ಐದು ಮತ್ತು ಎಂಟನೆಯ ಕ್ಲಾಸಿಗೆ ಪರೀಕ್ಷೆಯನ್ನು ಮರಳಿ ತಂದಿತು. ಫೇಲ್ ಮಾಡುವುದೋ ಬಿಡುವುದೋ ಎನ್ನುವುದನ್ನು ಸರ್ಕಾರಗಳಿಗೆ ಬಿಟ್ಟಿತು. ಮಹಾರಾಷ್ಟ್ರ 2023ರಲ್ಲಿ ನಿಯಮ ಬದಲಾಯಿಸಿತು. ಹೀಗಾಗಿ 2024ರ ಏಪ್ರಿಲ್‌ನಲ್ಲಿ ನಮ್ಮ ವಾಚ್‌ಮನ್ನಿನ ಮೊಮ್ಮಗಳು ಪರೀಕ್ಷೆಗೆ ಕೂತಳು. ಆ ತಿದ್ದುಪಡಿಯಲ್ಲೇ ಇನ್ನೊಂದು ಮಾತಿದೆ, ಅದನ್ನು ಯಾರೂ ಡಂಗುರ ಹೊಡೆದು ಹೇಳುವುದಿಲ್ಲ : ಫೇಲಾದ ಮಗುವಿಗೆ ಹೆಚ್ಚಿನ ಪಾಠ ಹೇಳಿಕೊಡಲೇಬೇಕು, ಫಲಿತಾಂಶ ಬಂದ ಎರಡು ತಿಂಗಳೊಳಗೆ ಮತ್ತೊಮ್ಮೆ ಪರೀಕ್ಷೆ ಕೊಡಲೇಬೇಕು, ಎಂಟು ಮುಗಿಯುವವರೆಗೆ ಶಾಲೆಯಿಂದ ಹೊರಗೆ ಹಾಕುವಂತಿಲ್ಲ.

ವಾಚ್‌ಮನ್ನಿಗೆ ನಾನು ಮೊದಲು ಹೇಳಿದ್ದು ಇದನ್ನೇ. ಅವನು ಎರಡೆರಡು ಸಲ ಕೇಳಿಸಿಕೊಂಡು ಮಗನಿಗೆ ಫೋನ್ ಮಾಡಿದ. ಆಮೇಲೆ ಒಂದು ದಿನ ನಾವು ಮೂವರೂ, ಅವನು, ಸೊಸೆ, ನಾನು, ಶಾಲೆಗೆ ಹೋದೆವು. ಹೆಡ್‌ಮಾಸ್ಟರರು ಒಳ್ಳೆಯವರು, ಕೂರಿಸಿ ಮಾತಾಡಿದರು. ಹುಡುಗಿ ಆ ವರ್ಷ ದಡ ಮುಟ್ಟಿದಳು. ಓದು ಈಗಲೂ ನಿಧಾನವೇ. ಆಸ್ಪತ್ರೆಗೆ ಎರಡು ಸಲ ಹೋಗಿಬಂದಿದ್ದಾರೆ. ದಿನಗೂಲಿಯವರಿಗೆ ಒಂದು ದಿನದ ಆಸ್ಪತ್ರೆ ಎಂದರೆ ಒಂದು ದಿನದ ಊಟ ಎನ್ನುವುದನ್ನು ನಾನು ಆಗಲೇ ಸರಿಯಾಗಿ ತಿಳಿದದ್ದು. ತಪಾಸಣೆ ಇನ್ನೂ ಪೂರ್ತಿಯಾಗಿಲ್ಲ. ಅವಳಿಗೆ ತೊಡಕಿದೆಯೋ, ಇಲ್ಲ ಬರೀ ಅಭ್ಯಾಸ ಸಾಲದೋ, ಹೇಳಲು ನಾನು ಡಾಕ್ಟರಲ್ಲ. ಆದರೆ ಯಾರೂ ಅವಳಿಗೆ ಫುಟ್‌ಪಟ್ಟಿಯಲ್ಲಿ ಹೊಡೆದಿಲ್ಲ, ಅಷ್ಟು ಗೊತ್ತು.

ಪುಟ್ಟನಿಗೆ ಈಗ ಐವತ್ತು ದಾಟಿದೆ. ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾನೆ. ಈ ಲೇಖನಕ್ಕಾಗಿ ಅವನಿಗೆ ಫೋನ್ ಮಾಡಿ, ನಿನ್ನ ಕಥೆ ಬರೆಯಲೇ ಎಂದು ಕೇಳಿದೆ. ಪರ್ಸಿಯ ಕಥೆಯನ್ನೂ ಹೇಳಿದೆ. "ಬರೀರಿ ಮಾವ, ನನಗೆ ಓದಲಿಕ್ಕೆ ಹೇಗೂ ಬರುವುದಿಲ್ಲವಲ್ಲ" ಎಂದು ನಕ್ಕ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದರೆ ಅವತ್ತು ನಾನು ಸುಳ್ಳು ಹೇಳಿದ್ದಲ್ಲ ಅಂತ ಈಗ ನಂಬುತ್ತೀರಲ್ಲ?" ಎಂದ. ನಂಬುತ್ತೇನೆ ಎಂದೆ. ಬೇರೇನು ಹೇಳಲಿ?

ನಿಮ್ಮ ಮನೆಯಲ್ಲಿ, ಬಿಲ್ಡಿಂಗಿನಲ್ಲಿ, ಕೆಲಸದವಳ ಮನೆಯಲ್ಲಿ ಬಾಯಿ ಚುರುಕಾಗಿದ್ದು ಬರಹದಲ್ಲಿ ಸೋಲುವ ಮಗುವಿದ್ದರೆ ಹತ್ತನೆಯ ಕ್ಲಾಸಿನವರೆಗೆ ಕಾಯಬೇಡಿ. ಮೂರನೆಯ-ನಾಲ್ಕನೆಯ ಕ್ಲಾಸಿನಲ್ಲೇ ಮುನ್ಸಿಪಲ್ ಆಸ್ಪತ್ರೆಯಲ್ಲಿ ವಿಚಾರಿಸಿ. ಮನೆಮಾತು ಯಾವುದು, ಶಾಲೆಯ ಮಾಧ್ಯಮ ಯಾವುದು ಎಂದು ಮೊದಲೇ ಹೇಳಿ, ಕನ್ನಡದಲ್ಲಿ ಪರೀಕ್ಷಿಸಲು ಆಗುತ್ತದೆಯೇ ಎಂದು ಕೇಳಿ. ಇಲ್ಲ ಎಂದರೆ ಇನ್ನೊಮ್ಮೆ ಕೇಳಿ. 1996ರಲ್ಲಿ ಆ ತಾಯಂದಿರು ಮಾಡಿದ್ದೂ ಇದನ್ನೇ. ಹೋಗಲು ಧೈರ್ಯವಿಲ್ಲದ ತಾಯಿಯಿದ್ದರೆ ಜೊತೆಗೆ ಹೋಗಿ. ನಿವೃತ್ತರಾದ ನಮ್ಮಂಥವರಿಗೆ ಬೇರೆ ಕೆಲಸ ಏನಿದೆ ಹೇಳಿ?